ಮೇಲೆ ನೋಡುವ ಹೂ, ಕೆಳಗೆ ನೋಡುವ ಹೂ

ನರ್ಸರಿ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವ ಮೊದಲ ಮಾತು, ಗಿಡದ ಹೆಸರನ್ನು ನಂಬಬೇಡಿ ಅಂತ. ಬೇರೆ ಊರುಗಳಲ್ಲಿ ನಂಬಬಹುದೋ ಏನೋ, ಕೆಜಿಎಫ್‌ನಲ್ಲಿ ಆಗುವುದಿಲ್ಲ. ಇಲ್ಲಿ ಒಂದು ಗಿಡದ ಮುಂದೆ ಮೂವರು ನಿಂತರೆ ಕನ್ನಡದಲ್ಲೊಂದು, ತಮಿಳಿನಲ್ಲೊಂದು, ತೆಲುಗಿನಲ್ಲೊಂದು ಹೆಸರು ಹುಟ್ಟುತ್ತದೆ. ಸಾಹೇಬರು ಬಂದರೆ ಇಂಗ್ಲಿಷಿನದು ನಾಲ್ಕನೆಯದು. ಇದನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಎರಡನೇ ವಾರದಲ್ಲಿ, ಹತ್ತು ಜನರ ಎದುರು ನಗೆಪಾಟಲಾಗಿ.

ನನ್ನದು ಬೂದಿಕೋಟೆ ಹತ್ತಿರದ ಹಳ್ಳಿ, ಹೆಸರು ಮುನಿರತ್ನಮ್ಮ. ಹಸುವಿನ ಹಾಲು ಕರೆದು ಡೈರಿಗೆ ಹಾಕಿ, ಬಸ್ಸು ಹಿಡಿದು ಬಂಗಾರಪೇಟೆಗೆ ಬಂದು, ಅಲ್ಲಿಂದ ಮಾರಿಕುಪ್ಪಂ ರೈಲು ಹತ್ತಿ ಕೆಲಸಕ್ಕೆ ಹೋಗುತ್ತಿದ್ದೆ. ನಮ್ಮ ಸರ್ಕಾರಿ ನರ್ಸರಿ ಇದ್ದದ್ದು ಕೆಜಿಎಫ್‌ನ ಒಂದು ಹಳೇ ಬಂಗಲೆಯ ಕಾಂಪೌಂಡಿನೊಳಗೆ. ಗಣಿಯ ಕಾಲದಲ್ಲಿ ಅಲ್ಲಿ ದೊರೆಗಳಿದ್ದರು. ನಾನು ಹೋಗುವ ಹೊತ್ತಿಗೆ ಬಂಗಲೆಯ ಹೆಂಚು ಅರ್ಧ ಜಾರಿತ್ತು, ತೋಟ ಮಾತ್ರ ಯಾರು ಬಂದರೇನು ಯಾರು ಹೋದರೇನು ಎನ್ನುವಂತೆ ತನ್ನ ಪಾಡಿಗೆ ಹೂ ಬಿಡುತ್ತಿತ್ತು. ಬೇಸಿಗೆಯ ಗಾಳಿಗೆ ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ಗುಡ್ಡದ, ಧೂಳು ಹಾರಿ ಬಂದು ಎಲೆಗಳ ಮೇಲೆಲ್ಲ ಕೂರುತ್ತಿತ್ತು. ಬೆಳಗ್ಗೆ ಹೋದವರು ಮೊದಲು ಸಸಿಗಳ ಮುಖ ತೊಳೆಯಬೇಕು, ಆಮೇಲೆ ಬೇರೆ ಕೆಲಸ.

ನಮ್ಮ ಮೇಸ್ತ್ರಿ ಅಂತೋಣಿಯವರು. ಗಣಿ ಕಾರ್ಮಿಕರ ಲೈನು ಮನೆಯಲ್ಲಿ ಹುಟ್ಟಿ ಬೆಳೆದ ತಮಿಳಿನವರು. ಕನ್ನಡವನ್ನು ತಮ್ಮದೇ ರೀತಿಯಲ್ಲಿ ಆಡುತ್ತಿದ್ದರು, ಬೈಯುವಾಗ ಮಾತ್ರ ತಮಿಳಿಗೆ ಹೋಗುತ್ತಿದ್ದರು. ಅದಕ್ಕೇ ಅವರು ಬೈದದ್ದು ನನಗೆ ಮೊದಮೊದಲು ಪೂರಾ ತಿಳಿಯುತ್ತಿರಲಿಲ್ಲ. ಅದೂ ಒಂದು ಪುಣ್ಯವೇ.

ಅವತ್ತು ಪ್ರವಾಸಿ ಮಂದಿರದ ಕಾಂಪೌಂಡಿನ ಉದ್ದಕ್ಕೂ ಹೂವಿನ ಗಿಡ ಹಾಕಬೇಕಿತ್ತು. ಮೇಸ್ತ್ರಿ ಸೈಕಲ್ಲು ಹತ್ತುತ್ತಾ, "ರತ್ನಾ, ನಲವತ್ತು ಅರಳಿ ಗಿಡ ಗಾಡಿಗೆ ಏರ್ಸಿ ಕಳ್ಸಮ್ಮಾ" ಎಂದು ಹೇಳಿ ಹೋದರು. ನಲವತ್ತು ಅರಳಿ ಯಾಕೆ ಅಂತ ನನಗೆ ಅನುಮಾನ ಬಂತು. ದೊಡ್ಡವರ ಮಾತು ಅಂತ ಸುಮ್ಮನಾದೆ. ನರ್ಸರಿಯ ಹಿಂದಿನ ಸಾಲಿನಲ್ಲಿ ಅರಳಿ ಸಸಿಗಳು ಬೇಕಾದಷ್ಟಿದ್ದವು. ನಲವತ್ತನ್ನೂ ಎಣಿಸಿ, ಗಾಡಿಗೆ ಹೇರಿಸಿ, ನಾನೂ ಹತ್ತಿ ಹೋದೆ. ಗೋಡೆಯಿಂದ ಒಂದಡಿ ದೂರಕ್ಕೆ ಗುಂಡಿ ತೋಡಿಟ್ಟಿದ್ದರು. ಹನ್ನೊಂದು ಸಸಿ ನೆಟ್ಟಾದ ಮೇಲೆ ಮೇಸ್ತ್ರಿ ಬಂದರು. ಬಂದವರು ಸೈಕಲ್ಲನ್ನು ಹಾಗೇ ಬೀಳಲು ಬಿಟ್ಟು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಏಮ್ಮಾ, ಈ ಗೋಡೆ ನಿಂಗೆ ಏನ್ ಮಾಡಿತ್ತು? ಸುತ್ತಿಗೆ ತಗೊಂಡು ಒಡೆದಾಕಿದ್ರೂ ಇಷ್ಟು ಮೋಸ ಆಗ್ತಿರ್ಲಿಲ್ಲ."

"ನೀವೇ ಏಳಿದ್ರಲ್ಲ ಮೇಸ್ತ್ರಿ, ಅರಳಿ ಅಂತ."

ಅವರು ನನ್ನ ಮುಖ ನೋಡಿದರು, ಸಸಿ ನೋಡಿದರು. ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ತಮಿಳಿನವರಿಗೆ ಅರಳಿ ಅಂದರೆ ನಮ್ಮ ಕಣಗಿಲೆ. ಕೆಂಪಗೆ, ಬೆಳ್ಳಗೆ ಹೂ ಬಿಡುವ, ಆಳೆತ್ತರದ ಗಿಡ. ನಾನು ಕೊಂಡೊಯ್ದದ್ದು ಗೋಡೆಯನ್ನೇ ಸೀಳುವ ಅರಳೀಮರ, ಅದೂ ನಲವತ್ತು.

ಅವತ್ತಿನಿಂದ ನಮ್ಮ ನರ್ಸರಿಯಲ್ಲಿ ಒಂದು ಪದ್ಧತಿ ಬಂತು. ಯಾವ ಗಿಡ ಬೇಕೋ ಅದರ ಒಂದು ಎಲೆಯನ್ನು ದಾರದಲ್ಲಿ ಕಟ್ಟಿ ಕಳಿಸಬೇಕು. ಎಲೆ ತಂದರೆ ಗಿಡ, ಇಲ್ಲದಿದ್ದರೆ ಇಲ್ಲ. ಯಾರಾದರೂ ಬಾಯಲ್ಲಿ ಹೆಸರು ಹೇಳಿದರೆ ಮೇಸ್ತ್ರಿ ಕಿವಿ ಮುಚ್ಚಿಕೊಂಡು, "ಎಸ್ರು ಬೇಡ, ಎಲೆ ತೋರ್ಸು" ಅನ್ನುತ್ತಿದ್ದರು. ಒಮ್ಮೆ ಮೇಲಿನ ಸಾಹೇಬರೇ ಬಂದು ಮಂದಾರ ಬೇಕು ಅಂದಾಗಲೂ ಹಾಗೇ ಅಂದರು. ಸಾಹೇಬರು ತೆಲುಗು ಸೀಮೆಯವರು, ಅವರಿಗೆ ಬೇಕಿದ್ದದ್ದು ದಾಸವಾಳ. ಎಲೆ ಕೇಳದೇ ಇದ್ದಿದ್ದರೆ ನಾವು ನಮ್ಮ ಮಂದಾರವನ್ನೇ ಕೊಟ್ಟು ಬೈಸಿಕೊಳ್ಳುತ್ತಿದ್ದೆವು.

ಇನ್ನು ಈ ಬರಹಕ್ಕೆ ಹೆಸರು ಕೊಟ್ಟ ಎರಡು ಗಿಡಗಳ ವಿಷಯ.

ಉಮ್ಮತ್ತಿ ನಿಮಗೆ ಗೊತ್ತು. ತಿಪ್ಪೆಯಲ್ಲಿ, ರೈಲು ಹಳಿ ಪಕ್ಕದಲ್ಲಿ, ಬಿದ್ದ ಮನೆಯ ಗೋಡೆ ಸಂದಿಯಲ್ಲಿ ತಾನಾಗಿ ಹುಟ್ಟುತ್ತದೆ. ತುತ್ತೂರಿಯಂಥ ಹೂ ಆಕಾಶ ನೋಡುತ್ತದೆ. ಮುಳ್ಳು ಮುಳ್ಳಿನ ಕಾಯಿ ಒಡೆದರೆ ಮುಂದಿನ ಮಳೆಗೆ ನೂರು ಸಸಿ. ಶಿವನ ಪೂಜೆಗೆ ಆಗುತ್ತದೆ, ಮನೆ ಮುಂದೆ ಮಾತ್ರ ಯಾರೂ ನೆಡುವುದಿಲ್ಲ.

ಬಂಗಲೆಯ ಅಡುಗೆಮನೆಯ ಹಿಂದೆ, ನೀರಿನ ತೊಟ್ಟಿಯ ಪಕ್ಕ, ಇನ್ನೊಂದು ಗಿಡವಿತ್ತು. ಎಲೆ ಹೆಚ್ಚುಕಮ್ಮಿ ಉಮ್ಮತ್ತಿಯದೇ, ಹೂವೂ ಅದೇ ತುತ್ತೂರಿ. ಆದರೆ ಇದು ಮರದಂಥ ಗಟ್ಟಿ ಕಾಂಡದ್ದು, ಹೂವು ಒಂದೊಂದೂ ಗೇಣುದ್ದ, ಎಲ್ಲವೂ ತಲೆ ಕೆಳಗಾಗಿ ನೇತಾಡುತ್ತಿದ್ದವು. ಸಂಜೆಯಾದರೆ ಇಡೀ ಕಾಂಪೌಂಡಿಗೆ ಪರಿಮಳ. ಎಲ್ಲರೂ ಅದನ್ನು ಉಮ್ಮತ್ತಿ ಅಂತಲೇ ಕರೆಯುತ್ತಿದ್ದರು, ಪುಸ್ತಕದಲ್ಲಿ ಅದರ ಹೆಸರು ಬ್ರಗ್ಮಾನ್ಸಿಯ ಅಂತ ನಾನು ತಿಳಿದದ್ದು ಬಹಳ ತಡವಾಗಿ. ಮೇಸ್ತ್ರಿ ಒಬ್ಬರು ಮಾತ್ರ ಮಣಿ ಪೂ, ಅಂದರೆ ಗಂಟೆ ಹೂ, ಅನ್ನುತ್ತಿದ್ದರು. ಬೇಲಿಗೆ ಹಾಕುವ ಹಳದಿ ಗಂಟೆ ಹೂವೇ ಬೇರೆ, ಗೊಂದಲ ಮಾಡಿಕೊಳ್ಳಬೇಡಿ.

ಆ ಗಿಡ ಮೇಸ್ತ್ರಿಯ ತಾಯಿ ನೆಟ್ಟದ್ದು. ಆಕೆ ಅದೇ ಬಂಗಲೆಯಲ್ಲಿ ಕೆಲಸಕ್ಕಿದ್ದವರು. ದೊರೆಸಾನಿ ಊರಿಗೆ ಹೊರಟಾಗ ಏನು ಬೇಕು ಕೇಳು ಅಂದರಂತೆ, ಆಯಮ್ಮ ಮುಂದಿನ ತೋಟದಲ್ಲಿದ್ದ ಗಿಡದ ಒಂದು ಕಡ್ಡಿ ಕೇಳಿ, ತಾನು ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿ ನೆಟ್ಟುಕೊಂಡರಂತೆ. ಮುಂದಿನ ತೋಟದ ಗಿಡಗಳು ಒಣಗಿ ಹೋದವು, ಇದು ಉಳಿಯಿತು. ವರ್ಷಕ್ಕೊಮ್ಮೆ ಕಲ್ಲರೈ ತಿರುನಾಳಿನ ದಿನ, ಅಂದರೆ ಕ್ರೈಸ್ತರು ತೀರಿಹೋದವರ ಗೋರಿಗಳಿಗೆ ಹೂವಿಡುವ ದಿನ, ಮೇಸ್ತ್ರಿ ಒಂದು ಕೊಂಬೆ ಕಡಿದು ಒಯ್ಯುತ್ತಿದ್ದರು. ಉಳಿದವರು ಚೆಂಡು ಹೂವು, ಸೇವಂತಿಗೆ ಒಯ್ದರೆ ಇವರದು ಇದೊಂದೇ.

"ಬೇರೆ ಹೂವೆಲ್ಲಾ ಮೇಲೆ ನೋಡ್ತದೆ ರತ್ನಾ, ಬಂದೋರ್ನ ನೋಡ್ತದೆ. ಇದನ್ನ ಶಿಲುಬೆಗೆ ಕಟ್ಟಿದ್ರೆ ಕೆಳಗೆ ಅಮ್ಮನ್ನೇ ನೋಡ್ತದೆ" ಎಂದು ಒಮ್ಮೆ ಹೇಳಿದ್ದರು.

ಅದರ ಕಡ್ಡಿಯನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ. ಅಮ್ಮನ ಗಿಡ, ಮಾರುವ ಗಿಡ ಅಲ್ಲ ಅನ್ನುತ್ತಿದ್ದರು. ಅವರು ನಿವೃತ್ತರಾಗಿ ಆ ಜಾಗಕ್ಕೆ ನಾನು ಬಂದ ಮೇಲೆ ನಾನೂ ಕೊಡಲಿಲ್ಲ. ನಿಯತ್ತು ಅಂದರೆ ಅದೇ ಅಂತ ತಿಳಿದಿದ್ದೆ. ಸವರಿದ ಕೊಂಬೆಗಳನ್ನು ಹಿಂದಿನ ಗೋಡೆಯಾಚೆ ಎಸೆದುಬಿಡುತ್ತಿದ್ದೆವು.

ಎರಡು ಗಿಡವೂ ವಿಷ. ಮರೆಯಬೇಡಿ. ಒಂದು ಸಲ ಗಂಟೆ ಹೂವಿನ ಕೊಂಬೆ ಸವರಿ, ಕೈ ತೊಳೆಯದೆ ಎಡಗಣ್ಣು ಉಜ್ಜಿಕೊಂಡೆ. ಸ್ವಲ್ಪ ಹೊತ್ತಿಗೆಲ್ಲ ಆ ಕಣ್ಣಿಗೆ ಎಲ್ಲವೂ ಮಂಜು ಮಂಜು. ಡಾಕ್ಟರು ದೀಪ ಹಿಡಿದು ನೋಡಿ, ಒಂದು ಕಣ್ಣಿನ ಪಾಪೆ ದೊಡ್ಡದು, ಒಂದರದು ಚಿಕ್ಕದು ಅಂತ ಗಾಬರಿಯಾದರು. ಎರಡು ದಿನ ರಜೆ ಹಾಕಿ ಮನೆಯಲ್ಲಿದ್ದೆ. ಮೇಸ್ತ್ರಿ ನೋಡಲು ಬಂದು, "ಒಂದು ಕಣ್ಣಲ್ಲಿ ನಂಗೆ ಬೈಯೋ ತರ ನೋಡ್ತೀಯ, ಒಂದು ಕಣ್ಣಲ್ಲಿ ಎದರ್ಕೊಂಡಿರೋ ತರ" ಅಂದರು. ಆಮೇಲೆ ಹೊರಡುವಾಗ ನನ್ನ ಅತ್ತೆಯ ಕೈಯಲ್ಲಿ ಒಂದು ಸೋಪು ಕೊಟ್ಟು ಹೋದರು.

ಈ ಎರಡು ಗಿಡಗಳ ನಡುವಿನ ನಿಜವಾದ ವ್ಯತ್ಯಾಸ ನಮಗೆ ತಿಳಿದದ್ದು ಬೆಂಗಳೂರಿನಿಂದ ಬಂದ ಒಬ್ಬ ಸಸ್ಯಶಾಸ್ತ್ರದ ಮೇಡಂ ಅವರಿಂದ. ಹಳೇ ತೋಟಗಳಲ್ಲಿ ಯಾವ ಯಾವ ಗಿಡ ಉಳಿದಿವೆ ಅಂತ ಪಟ್ಟಿ ಮಾಡಲು ಬಂದಿದ್ದರು. ಮೇಸ್ತ್ರಿ ಆಗಲೇ ನಿವೃತ್ತರಾಗಿದ್ದರು, ಕಣ್ಣೂ ಮಂದವಾಗಿತ್ತು, ಆದರೂ ನರ್ಸರಿಗೆ ಬರುವುದು ಬಿಟ್ಟಿರಲಿಲ್ಲ. ತೊಟ್ಟಿಯ ಹತ್ತಿರ ಬಂದ ಮೇಡಂ ಗಂಟೆ ಹೂವಿನ ಮುಂದೆ ತುಂಬ ಹೊತ್ತು ನಿಂತರು.

ಗೋಡೆ ಸಂದಿಯ ಉಮ್ಮತ್ತಿಗೆ ಯಾರ ಹಂಗೂ ಇಲ್ಲ, ಅದರ ಬಗ್ಗೆ ಯಾರೂ ಚಿಂತೆ ಮಾಡಬೇಕಾಗಿಲ್ಲ ಅಂದರು. ಆದರೆ ಇದು ಹಾಗಲ್ಲವಂತೆ. ಇದರ ತವರು ಬ್ರೆಜಿಲ್ ದೇಶದ ಕಾಡು. ಆ ಕಾಡಿನಲ್ಲಿ ಹುಡುಕಿದರೆ ತಾನಾಗಿ ಹುಟ್ಟಿದ ಗಿಡ ಈಗ ಒಂದೂ ಇಲ್ಲವಂತೆ. ಅಪಾಯದಲ್ಲಿರುವ ಗಿಡಗಳ ಕೆಂಪು ಪಟ್ಟಿಯಲ್ಲಿ ಇದರ ಮುಂದೆ ಕಾಡಿನಲ್ಲಿ ಅಳಿದಿದೆ ಅಂತಲೇ ಬರೆದಿದ್ದಾರಂತೆ. ಲೋಕದಲ್ಲಿ ಇರುವುದೆಲ್ಲ ಯಾರೋ ಕಡ್ಡಿ ಮುರಿದು ನೆಟ್ಟದ್ದು, ನೆಡುವವರು ನಿಂತರೆ ಇದೂ ನಿಂತಿತು. ನನಗೆ ನಂಬಲಾಗಲಿಲ್ಲ. ಕಣ್ಣೆದುರಿಗೇ ನೂರು ಹೂ ಬಿಟ್ಟುಕೊಂಡು ನಿಂತಿತ್ತು.

ಮೇಸ್ತ್ರಿ ಕೇಳಿದರು: "ಮೇಡಂ, ಅಂಗಾದ್ರೆ ಬ್ರೆಜಿಲ್‌ಗೆ ಒಂದು ಕಡ್ಡಿ ಕಳ್ಸಣವಾ? ಒದ್ದೆ ಗೋಣಿ ಸುತ್ತಿದ್ರೆ ಎಂಟು ದಿನ ತಡೀತದೆ."

ಮೇಡಂ ನಗಲಿಲ್ಲ. ಹಿಂದೆ ಯಾವುದೋ ಪ್ರಾಣಿ ಇದರ ಕಾಯಿ ತಿಂದು ಬೀಜ ಹರಡುತ್ತಿತ್ತು, ಆ ಪ್ರಾಣಿಯೇ ಈಗ ಇಲ್ಲ ಅಂತ ಕೆಲವರು ಹೇಳುತ್ತಾರೆ, ಕಡ್ಡಿ ಕಳಿಸಿದರೂ ತಾನಾಗಿ ಹಬ್ಬುವುದು ಕಷ್ಟ ಅಂದರು. ಮೇಸ್ತ್ರಿ ತಲೆಯಾಡಿಸಿದರು. ಯಾರಿಗೂ ಕಡ್ಡಿ ಕೊಡದ ಮನುಷ್ಯ ಒಂದು ದೇಶಕ್ಕೇ ಕೊಡಲು ಹೊರಟಿದ್ದರು. ಆ ಮಾತಿನಿಂದ ನಾನು ಪಾಠ ಕಲಿಯಬೇಕಿತ್ತು, ಕಲಿಯಲಿಲ್ಲ.

ಕೆಲಸದ ರೀತಿ ಬದಲಾಗುತ್ತಾ ಬಂತು. ಮಡಕೆ ಹೋಗಿ ಕಪ್ಪು ಪ್ಲಾಸ್ಟಿಕ್ ಚೀಲ ಬಂತು, ಬಿಂದಿಗೆ ಹೋಗಿ ಪೈಪು ಬಂತು, ಚೀಟಿ ಹೋಗಿ ಫೋನು ಬಂತು. ಎಲೆ ಕಟ್ಟುವ ದಾರದ ಉಂಡೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಫೋನು ಇದ್ದಮೇಲೆ ಎಲೆ ಯಾಕೆ ಅಂತ ನನಗೂ ಅನಿಸಿರಬೇಕು.

ಒಂದು ವರ್ಷ ನರ್ಸರಿಯ ಒಂದು ಭಾಗವನ್ನು ಮಕ್ಕಳ ಉದ್ಯಾನ ಮಾಡುವುದು ಅಂತಾಯಿತು. ನಾನು ಬಂಗಾರಪೇಟೆಯಲ್ಲಿ ಸಸಿ ಹಂಚುವ ಕೆಲಸದಲ್ಲಿದ್ದೆ. ಹೊಸದಾಗಿ ಬಂದ ಸಾಹೇಬರು ಫೋನು ಮಾಡಿ, "ಮುನಿರತ್ನಮ್ಮನವರೇ, ಮಕ್ಕಳು ಓಡಾಡುವ ಜಾಗ. ಗೋಡೆ ಪಕ್ಕದ ಉಮ್ಮತ್ತಿಯನ್ನೆಲ್ಲ ತೆಗೆಸಿಬಿಡಿ" ಅಂದರು. ಸರಿಯಾದ ಮಾತೇ. ಸುತ್ತಲೂ ಜನ, ಗಲಾಟೆ. ನಾನು ನಿಂತ ಜಾಗದಿಂದಲೇ ವೆಂಕಟಮ್ಮನಿಗೆ ಫೋನು ಮಾಡಿದೆ. ವೆಂಕಟಮ್ಮ ನಮ್ಮ ಕೂಲಿ ಕೆಲಸದವಳು, ತೆಲುಗಿನವಳು, ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಚೆನ್ನಾಗಿ ಮಾಡುವವಳು.

"ಉಮ್ಮತ್ತಿ ಎಲ್ಲಾ ಕಿತ್ತಾಕ್ರಮ್ಮಾ, ಬೇರು ಸಮೇತ. ಒಂದೂ ಇರ್ಬಾರ್ದು" ಅಂದೆ. ಗೋಡೆ ಪಕ್ಕ ಅನ್ನುವ ಮಾತು ನನ್ನ ಬಾಯಿಂದ ಬರಲೇ ಇಲ್ಲ.

ಮಾರನೆಯ ದಿನ ಹೋದಾಗ ತೊಟ್ಟಿಯ ಪಕ್ಕ ಒಂದು ಗುಂಡಿ ಇತ್ತು. ಸೊಂಟದಾಳದ ಗುಂಡಿ. ಇಬ್ಬರು ಹೆಂಗಸರು ಅರ್ಧ ದಿನ ಕೂತು ಬೇರಿನ ಕೊನೆಯವರೆಗೂ ಅಗೆದಿದ್ದರು. ವಿಷದ ಗಿಡ, ದನ ಬಾಯಿ ಹಾಕಬಾರದು ಅಂತ ಒಟ್ಟಿ ಸುಟ್ಟೂ ಹಾಕಿದ್ದರು. ವೆಂಕಟಮ್ಮ ಹೊಗಳಿಕೆಗೆ ಕಾದವಳಂತೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ಇದನ್ನ ಯಾಕೆ ಕಿತ್ತೆ ವೆಂಕಟಮ್ಮಾ?"

"ನೀವೇ ಅಂದ್ರಲ್ಲಕ್ಕಾ, ಉಮ್ಮತ್ತಿ ಎಲ್ಲಾ ಅಂತ. ಮಾ ಉಮ್ಮೆತ್ತ ಇದೇ ಕದಾ, ನಮ್ಮ ಉಮ್ಮತ್ತಿ ಇದೇ ಅಲ್ವಾ."

ನನಗೆ ಆಗ ನನ್ನ ಹಳೇ ಮಾತೇ ನೆನಪಾಯಿತು, ನೀವೇ ಏಳಿದ್ರಲ್ಲ ಮೇಸ್ತ್ರಿ ಅಂತ ಅಂದದ್ದು. ಮೊದಲ ಸಲ ಮೋಸವಾದದ್ದು ಎರಡು ಭಾಷೆ ಒಂದೇ ಹೆಸರನ್ನು ಎರಡು ಗಿಡಕ್ಕೆ ಇಟ್ಟಿದ್ದರಿಂದ. ಈ ಸಲ ಕನ್ನಡದ ಉಮ್ಮತ್ತಿ, ತಮಿಳಿನ ಊಮತ್ತೈ, ತೆಲುಗಿನ ಉಮ್ಮೆತ್ತ ಮೂರೂ ಒಂದೇ ಮಾತು ಆಡಿದ್ದವು. ಮೂರು ಭಾಷೆಯೂ ಒಪ್ಪಿದ್ದರಿಂದ ಯಾರಿಗೂ ಅನುಮಾನವೇ ಬರಲಿಲ್ಲ. ತೊಟ್ಟಿಯ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ.

ಕಲ್ಲರೈ ತಿರುನಾಳಿಗೆ ಹತ್ತು ದಿನ ಉಳಿದಿತ್ತು. ಮೇಸ್ತ್ರಿ ಕೊಂಬೆಗೆ ಬರುತ್ತಾರೆ. ಆ ಗಿಡದ ಕಡ್ಡಿ ಬೇರೆ ಯಾರ ಮನೆಯಲ್ಲೂ ಇಲ್ಲ, ಯಾಕೆಂದರೆ ಯಾರಿಗೂ ಕೊಡದ ಹಾಗೆ ಕಾದವಳು ನಾನೇ. ಇಡೀ ಲೋಕದಲ್ಲಿ ಅದೇ ಜಾತಿ ಎಷ್ಟಿದ್ದರೇನು, ಆಯಮ್ಮ ನೆಟ್ಟದ್ದು ಇದೊಂದೇ.

ನಾನು ಅಳುವುದನ್ನು ನೋಡಿ ವೆಂಕಟಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಗಿಡದ ಕತೆಯನ್ನೆಲ್ಲ ಹೇಳಿದೆ. ಅವಳ ಮುಖ ಸಣ್ಣಗಾಯಿತು.

"ಅಕ್ಕಾ, ನೀವು ಗೋಡೆಯಾಚೆ ಬಿಸಾಕ್ತಿದ್ರಲ್ಲ, ಆ ಕಡ್ಡಿ ನಾನು ಒತ್ಕೊಂಡೋಗಿ ಈರೇಕಾಯಿ ಬಳ್ಳಿಗೆ ಊರ್ತಿದ್ದೆ. ಒಂದು ಕಡ್ಡಿ ಚಿಗುರ್ಕೊಂಡು ನನ್ನೆತ್ರ ಆಗಿತ್ತು."

ನಾನು ಎದ್ದು ನಿಂತೆ. "ಐತಾ?"

"ನಿನ್ನೆ ನೀವು ಫೋನ್ ಮಾಡಿದ್ಮೇಲೆ, ಅಯ್ಯೋ ನಮ್ಮನೇಲೂ ಐತಲ್ಲ ಇದು, ಮೊಮ್ಮಗು ಬಾಯಿಗಾಕ್ಕೊಂಡ್ರೆ ಏನ್ ಗತಿ ಅಂತ ಸಂಜೆ ಓಗಿ ಅದನ್ನೂ ಕಿತ್ತೆ. ಒದ್ದೆ ಗಿಡ, ಬೆಂಕಿ ಅತ್ಕೊಳ್ಳಿಲ್ಲ. ತಿಪ್ಪೆಗಾಕಿದೀನಿ."

ಆಟೋ ಹಿಡಿದು ಅವಳ ಮನೆಗೆ ಓಡಿದೆವು. ಹಿತ್ತಿಲ ತಿಪ್ಪೆಯ ಮೇಲೆ ಗಂಜಲ, ಬೂದಿ, ಸೊಪ್ಪಿನ ಕಸದ ನಡುವೆ ಗಿಡ ಬಿದ್ದಿತ್ತು. ಎಲೆಯೆಲ್ಲ ಬಾಡಿ ಕರ್ರಗಾಗಿತ್ತು. ಅದರ ಪಕ್ಕದಲ್ಲೇ, ಯಾರೂ ನೆಡದ, ಯಾರೂ ನೀರು ಹಾಕದ ಒಂದು ಉಮ್ಮತ್ತಿ, ಮೂರು ಹೂ ಬಿಟ್ಟುಕೊಂಡು ಮೇಲೆ ನೋಡುತ್ತಾ ಗರ್ವದಿಂದ ನಿಂತಿತ್ತು. ವೆಂಕಟಮ್ಮ ಅದನ್ನು ಕೀಳುವುದು ಮರೆತಿದ್ದಳು. ನಾನು ಮೊಣಕಾಲೂರಿ ಗಂಟೆ ಹೂವಿನ ಕಾಂಡವನ್ನು ಉಗುರಿನಿಂದ ಕೆರೆದು ನೋಡಿದೆ. ತೊಗಟೆಯ ಒಳಗೆ ಹಸಿರು ಇತ್ತು.

ಏಳು ಕಡ್ಡಿ ಮಾಡಿದೆವು. ಮರಳು, ಕೆಂಪು ಮಣ್ಣು, ಹಳೇ ಗೊಬ್ಬರ ಕಲಸಿ ಚೀಲ ತುಂಬಿ ತೊಟ್ಟಿಯ ನೆರಳಲ್ಲಿ ಇಟ್ಟೆವು. ನನ್ನ ಕೈಯಲ್ಲಿ ಸಾವಿರಾರು ಕಡ್ಡಿ ಚಿಗುರಿವೆ, ಯಾವುದಕ್ಕೂ ಹರಕೆ ಹೊತ್ತಿರಲಿಲ್ಲ. ಈ ಏಳಕ್ಕೆ ಹೊತ್ತೆ. ತಿರುನಾಳಿನ ಬೆಳಗ್ಗೆ ನೋಡಿದಾಗ ನಾಲ್ಕು ಕೊಳೆತಿದ್ದವು, ಎರಡು ಹಾಗೇ ಇದ್ದವು, ಒಂದರಲ್ಲಿ ಉಗುರಿನಷ್ಟು ಎರಡು ಎಲೆ ಬಂದಿತ್ತು.

ಮೇಸ್ತ್ರಿ ಬಂದರು, ಒಗೆದ ಬಿಳೀ ಅಂಗಿ, ಕೈಯಲ್ಲಿ ಕೋಲು. ಕಣ್ಣು ಅಷ್ಟು ಕಾಣಿಸುತ್ತಿರಲಿಲ್ಲ, ಆದರೆ ತೊಟ್ಟಿಯ ಹತ್ತಿರ ಬಂದವರೇ ನಿಂತು ಮೂಗರಳಿಸಿದರು. "ವಾಸ್ನೆ ಇಲ್ವಲ್ಲ ರತ್ನಾ" ಅಂದರು.

ಎಲ್ಲವನ್ನೂ ಹೇಳಿದೆ. ತಪ್ಪು ವೆಂಕಟಮ್ಮನದಲ್ಲ, ನನ್ನದು ಅಂತ ಹೇಳಿದೆ. ಎಲೆ ಕಟ್ಟದೆ ಬರೀ ಹೆಸರು ಹೇಳಿದೆ ಅಂತಲೂ ಹೇಳಿದೆ. ಅವರು ಕೋಲನ್ನು ತೊಟ್ಟಿಗೆ ಒರಗಿಸಿದರು. ತಮಿಳಿನಲ್ಲಿ ಬೈಯಲಿ ಅಂತ ಕಾದೆ. ಬೈದಿದ್ದರೆ ಅವತ್ತು ಒಂದೊಂದು ಮಾತೂ ನನಗೆ ತಿಳಿಯುತ್ತಿತ್ತು.

ಕೊನೆಗೆ ಕೈ ಚಾಚಿದರು. "ಎಲೆ ತೋರ್ಸು."

ಚೀಲವನ್ನು ಅವರ ಕೈಗೆ ಕೊಟ್ಟೆ. ಬೆರಳಿನಿಂದ ಕಡ್ಡಿಯನ್ನು ಕೆಳಗಿನಿಂದ ಮೇಲೆ ತಡವುತ್ತಾ ಹೋಗಿ ಆ ಎರಡು ಎಲೆಯ ಹತ್ತಿರ ನಿಂತರು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದನ್ನು ಹಿಡಿದು ನೋಡಿದರು.

"ಅದೇ" ಅಂದರು. ಆಮೇಲೆ, "ಅಮ್ಮಂಗೆ ತೋರಿಸ್ಕೊಂಡು ಬತ್ತೀನಿ. ನೀನೂ ಬಾ" ಅಂದರು.

ಸಮಾಧಿ ತೋಟದಲ್ಲಿ ಎಲ್ಲ ಗೋರಿಗಳ ಮೇಲೂ ಹೂವಿನ ರಾಶಿ, ಮೇಣದ ಬತ್ತಿ. ಅವರ ತಾಯಿಯ ಗೋರಿಯ ಮೇಲೆ ಮಾತ್ರ ಒಂದು ಕಪ್ಪು ಪ್ಲಾಸ್ಟಿಕ್ ಚೀಲ, ಅದರಲ್ಲಿ ಎರಡು ಎಲೆಯ ಕಡ್ಡಿ. ಪಕ್ಕದ ಗೋರಿಯವರು ವಿಚಿತ್ರವಾಗಿ ನೋಡಿದರು. ಮೇಸ್ತ್ರಿ ಪ್ರಾರ್ಥನೆ ಮುಗಿಸಿ, ಚೀಲವನ್ನು ಮತ್ತೆ ನನ್ನ ಕೈಗಿಟ್ಟು, "ನೋಡಿದ್ಲು. ಇನ್ಮೇಲೆ ಕೇಳ್ದೋರ್ಗೆಲ್ಲಾ ಕೊಡು. ಒಂದೇ ಕಡೆ ಇಟ್ಕೊಂಡಿದ್ದು ನನ್ ತಪ್ಪು" ಅಂದರು.

ಕೊಟ್ಟೆ. ಆ ಒಂದು ಕಡ್ಡಿಯಿಂದ ಬಂದ ಗಿಡಗಳು ಈಗ ಬಂಗಾರಪೇಟೆಯಲ್ಲಿವೆ, ಊರಿಗಾಂನಲ್ಲಿವೆ, ಬೂದಿಕೋಟೆ ಹತ್ತಿರದ ನಮ್ಮ ಹಿತ್ತಿಲಿನಲ್ಲೂ ಹಸುಗಳ ಬಾಯಿಗೆ ಎಟುಕದ ಕಡೆ ಒಂದಿದೆ. ಕೊಡುವಾಗ ಮಕ್ಕಳಿಂದ ದೂರ ಇಡಿ, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಿರಿ ಅಂತ ಹೇಳಿಯೇ ಕೊಡುತ್ತೇನೆ. ತೊಟ್ಟಿಯ ಪಕ್ಕ ಮತ್ತೆ ನೆಟ್ಟದ್ದಕ್ಕೆ ತಂತಿ ಬೇಲಿ ಹಾಕಿಸಿ ಒಂದು ಹಲಗೆ ತೂಗಿಸಿದೆ. ಅದರ ಮೇಲೆ ಮೂರು ಭಾಷೆಯಲ್ಲೂ ಬರೆಸಿದ್ದು ಒಂದೇ: ಇದು ಉಮ್ಮತ್ತಿ ಅಲ್ಲ. ಸಾಹೇಬರು ಓದಿ, ಹಾಗಾದರೆ ಇದು ಏನು ಅಂತ ಬರೆಯುವುದಿಲ್ಲವೇ ಅಂದರು. ಎಲೆ ನೋಡಲಿ ಬಿಡಿ ಸಾರ್ ಅಂದೆ.

ಮೇಸ್ತ್ರಿ ತೀರಿಹೋದದ್ದು ನಾನು ನಿವೃತ್ತಳಾದ ಮೇಲೆ. ಅವರನ್ನು ತಾಯಿಯ ಪಕ್ಕದಲ್ಲೇ ಮಲಗಿಸಿದ್ದಾರೆ. ಕಳೆದ ಕಲ್ಲರೈ ತಿರುನಾಳಿಗೆ ವೆಂಕಟಮ್ಮ, ನಾನು ಇಬ್ಬರೂ ಹೋಗಿದ್ದೆವು, ಅವಳ ಹಿತ್ತಿಲಿನಲ್ಲಿ ಮತ್ತೆ ನೆಟ್ಟ ಗಿಡದ್ದೊಂದು ಕೊಂಬೆ, ನಮ್ಮನೆಯದೊಂದು. ಶಿಲುಬೆಗೆ ಕಟ್ಟಿದೆವು. ಹೂಗಳೆಲ್ಲ ಕೆಳಗೆ ಅವರಿಬ್ಬರ ಕಡೆಗೇ ನೋಡುತ್ತಿದ್ದವು. ಹೊರಡುವ ಮೊದಲು ನಾನು ಒಂದು ಎಲೆ ಕಿತ್ತು, ಸೀರೆಯ ಅಂಚಿನಿಂದ ಎಳೆದ ದಾರದಲ್ಲಿ ಕಟ್ಟಿ, ಮೇಸ್ತ್ರಿಯ ಗೋರಿಯ ಮೇಲೆ ಇಟ್ಟೆ. ಎಲೆ ತೋರಿಸದೆ ಅವರ ಹತ್ತಿರ ಹೂ ತಂದೆ ಅಂದರೆ ಅವರು ಒಪ್ಪುವುದಿಲ್ಲ.